ಕರಣಿಕನ ಕಾಯಕವೂ ಯಂತ್ರದ ಲೆಕ್ಕವೂ

ಲೋಕವ್ಯವಹಾರವೆಲ್ಲವೂ ಲೆಕ್ಕವನ್ನು ಆಶ್ರಯಿಸಿ ನಡೆಯುತ್ತದೆ. ಕೊಟ್ಟವನು ಮರೆತರೂ ಕೊಂಡವನು ಮರೆಸಿದರೂ ಬರೆದಿಟ್ಟ ಅಕ್ಷರವು ಮರೆಯದೆಂಬ ನಂಬುಗೆಯಿಂದಲೇ ಮಾನವನು ಕೀರ್ದಿ-ಖತಾವಣಿಗಳನ್ನು ಏರ್ಪಡಿಸಿಕೊಂಡನು. ಆದುದರಿಂದ ಲೆಕ್ಕ ಬರೆಯುವ ಕರಣಿಕನ ವೃತ್ತಿಯು ಸಾಮಾನ್ಯವಾದುದಲ್ಲ. ಅವನ ಲೇಖನಿಯ ಒಂದು ಗೀರು ಒಂದು ಮನೆಯ ಒಲೆಯನ್ನು ಹೊತ್ತಿಸಲೂ ಬಲ್ಲುದು, ಆರಿಸಲೂ ಬಲ್ಲುದು. ಶರಣರಾದರೋ ಯಾವ ಕಾಯಕವನ್ನೂ ಮೇಲೆನ್ನಲಿಲ್ಲ, ಕೀಳೆನ್ನಲಿಲ್ಲ. ಹಗ್ಗ ಹೊಸೆದ ನುಲಿಯ ಚಂದಯ್ಯನಿಗೂ ಬಿಜ್ಜಳನ ಭಂಡಾರವನ್ನು ನೋಡಿಕೊಂಡ ಬಸವಣ್ಣನವರಿಗೂ ಸತ್ಯಶುದ್ಧವೆಂಬ ನಿಯಮವೊಂದೇ ಆಗಿತ್ತು. ಇಂದು ಸರಕಾರಗಳು ಕರಣಿಕನ ಕೈಯಿಂದ ಲೇಖನಿಯನ್ನು ತೆಗೆದುಕೊಂಡು ಲೆಕ್ಕವನ್ನು ಗಣಕಯಂತ್ರಕ್ಕೆ ಒಪ್ಪಿಸಿವೆ. ದುಡಿಯುವವನ ಪಗಾರದಿಂದ ಕಡಿದುಕೊಂಡ ಹಣ, ಅವನ ಭವಿಷ್ಯನಿಧಿ, ಕೆಲಸ ತಪ್ಪಿದಾಗ ಬರಬೇಕಾದ ಭತ್ಯೆ, ಇವೆಲ್ಲ ಈಗ ಯಂತ್ರದೊಳಗಿವೆ. ಯಂತ್ರದ ಲೆಕ್ಕ ತಪ್ಪಿ ಬಡವನ ಅನ್ನ ತಪ್ಪಿದರೆ ಆ ದೋಷವು ಯಾರದು? ಇದೇ ಇಲ್ಲಿ ವಿಚಾರಣೀಯವಾದ ಪ್ರಶ್ನೆ.

ಮೊದಲು ವ್ಯವಸ್ಥೆಯ ಸ್ವರೂಪವನ್ನು ಅರಿಯೋಣ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ನೌಕರರ ರಾಜ್ಯ ವಿಮಾ ಕಾಯಿದೆಯೂ 1952ರಲ್ಲಿ ನೌಕರರ ಭವಿಷ್ಯನಿಧಿ ಕಾಯಿದೆಯೂ ಆದವು. ಈ ಎರಡರಲ್ಲಿಯೂ ದುಡಿಯುವವನದೊಂದು ಪಾಲು, ಮಾಲಕನದೊಂದು ಪಾಲು. 2019ರ ಜುಲೈ 1ರಿಂದ ವಿಮೆಗೆ ಕಾರ್ಮಿಕನು ವೇತನದ ನೂರಕ್ಕೆ 0.75ರಂತೆಯೂ ಮಾಲಕನು 3.25ರಂತೆಯೂ ಸಲ್ಲಿಸುವಂತಾಯಿತು. ರೋಗ, ಹೆರಿಗೆ, ಅಂಗಹಾನಿಗಳಿಗೆ ಆಸರೆಯಾಗಿದ್ದ ಈ ವಿಮೆಗೆ ನಿರುದ್ಯೋಗದ ಭತ್ಯೆ ಸೇರಿದುದು 2005ರಲ್ಲಿ. ಬಳಿಕ 2018ರಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಬಂದಿತು. ಕೆಲಸ ತಪ್ಪಿದವನಿಗೆ 90 ದಿನಗಳವರೆಗೆ ಸರಾಸರಿ ಗಳಿಕೆಯ ಕಾಲುಭಾಗ ಕೊಡುವುದೆಂದು ಮೊದಲು ಗೊತ್ತಾಗಿದ್ದಿತು. ಮಹಾಮಾರಿಯ ವರ್ಷವಾದ 2020ರಲ್ಲಿ ಅದನ್ನು ಅರ್ಧಕ್ಕೆ ಏರಿಸಿದರು.

ನಮ್ಮ ಸೀಮೆಯ ದುಡಿಮೆಯೊಡನೆ ಇದನ್ನು ಹೊಂದಿಸಿ ನೋಡಬೇಕು. ರಬಕವಿ-ಬನಹಟ್ಟಿಗಳಲ್ಲಿ ಮನೆಮನೆಯ ಮಗ್ಗಗಳ ಸದ್ದೇ ಊರಿನ ಉಸಿರು. ಆದರೆ ಹತ್ತು ಜನರೂ ಇಲ್ಲದ ಮಗ್ಗದ ಮನೆಗೆ ಈ ವಿಮೆಯ ನೆರಳು ಸಾಮಾನ್ಯವಾಗಿ ಮುಟ್ಟದು. ಜಮಖಂಡಿ ಮುಧೋಳಗಳ ಕಡೆಗೆ ಕಬ್ಬು ನುರಿಸುವ ಹಂಗಾಮು ಮುಗಿದೊಡನೆ ಎಷ್ಟೋ ಕೈಗಳು ಬರಿದಾಗುತ್ತವೆ. 1948ರ ಕಾಯಿದೆಯಾದರೋ ಸಕ್ಕರೆಯನ್ನಷ್ಟೇ ತಯಾರಿಸುವ ಕಾರ್ಖಾನೆಗಳನ್ನು ಹಂಗಾಮಿನವುಗಳೆಂದು ಹೊರಗಿಟ್ಟಿತು. ಬೀಳಗಿಯ ಕಡೆಯಿಂದ ಗೋವೆಗೋ ಪುಣೆಗೋ ದುಡಿಯಲು ಹೋದವನ ಲೆಕ್ಕವು ಪರರಾಜ್ಯದ ಕಚೇರಿಯಲ್ಲಿ ಉಳಿಯುತ್ತದೆ. ಹೀಗೆ ಹೊರಗುಳಿದವರ ಹೆಸರುಗಳನ್ನಾದರೂ ಒಂದೆಡೆ ಬರೆದಿಡಬೇಕೆಂದು 2021ರ ಆಗಸ್ಟ್ 26ರಂದು ಇ-ಶ್ರಮ್ ಎಂಬ ಜಾಲತಾಣವನ್ನು ತೆರೆದರು. ಹೆಸರು ಬರೆದುಕೊಂಡ ಮಾತ್ರಕ್ಕೆ ಹಸಿವು ಹಿಂಗದು ನಿಜ. ಆದರೆ ಹೆಸರೇ ಇಲ್ಲದವನಿಗೆ ಕೊಡುವ ಬಗೆಯಾದರೂ ಹೇಗೆ?

ಇಲ್ಲಿ ಕೆಲವು ಸದ್ಭಕ್ತರಿಗೆ ಒಂದು ಶಂಕೆ ಹುಟ್ಟಬಹುದು. ದುಡಿಯದೆ ಉಣ್ಣಬಾರದೆಂಬುದು ಶರಣರ ಮತವಷ್ಟೆ. ಹಾಗಿರಲು ಕೆಲಸವಿಲ್ಲದವನಿಗೆ ಹಣ ಕೊಡುವುದು ಕಾಯಕತತ್ತ್ವಕ್ಕೆ ವಿರುದ್ಧವಲ್ಲವೇ ಎಂದು. ವಿರುದ್ಧವಲ್ಲ. ಕಾಯಕವನ್ನು ತಾನಾಗಿ ಬಿಟ್ಟವನು ಬೇರೆ, ಕಾಯಕವು ಕೈತಪ್ಪಿ ಹೋದವನು ಬೇರೆ. ಮಗ್ಗ ನಿಂತುದು ನೂಲಿನ ಬೆಲೆ ಏರಿದುದರಿಂದ. ಕಾರ್ಖಾನೆ ನಿಂತುದು ಕಬ್ಬು ತೀರಿದುದರಿಂದ. ಅದರಲ್ಲಿ ಕಾರ್ಮಿಕನ ಸೋಮಾರಿತನವೆಲ್ಲಿದೆ? ಅಲ್ಲದೆ ವಿಮೆಯ ಹಣವು ಭಿಕ್ಷೆಯಲ್ಲ. ದುಡಿಯುತ್ತಿದ್ದಾಗ ಅವನೇ ಕೂಡಿಟ್ಟ ಪಾಲು ಅದರಲ್ಲಿದೆ. ಕೊಡುವವನು ಹೆಚ್ಚು, ಕೊಳ್ಳುವವನು ಕಡಮೆ ಎಂಬ ಭಾವವು ದಾನದಲ್ಲಿ ಉಂಟು, ದಾಸೋಹದಲ್ಲಿ ಇಲ್ಲ. ಎಲ್ಲರೂ ಕೂಡಿಟ್ಟು ಕುಂದಿದವನಿಗೆ ಹಂಚುವ ಈ ಏರ್ಪಾಡು ದಾಸೋಹಕ್ಕೆ ಸಮೀಪವಾದುದು.

ಇನ್ನು ಯಂತ್ರದ ವಿಷಯ. ಯಂತ್ರವೇ ಬೇಡವೆಂಬ ಪಕ್ಷವನ್ನು ನಾವು ಹಿಡಿಯಲಾರೆವು. ಹಳೆಯ ಖತಾವಣಿಯ ಕಾಲವು ಸತ್ಯಯುಗವೇನೂ ಆಗಿರಲಿಲ್ಲ. ಕಡತವು ಒಂದು ಮೇಜಿನಿಂದ ಮತ್ತೊಂದಕ್ಕೆ ಸರಿಯಲು ಕೈ ಬೆಚ್ಚಗೆ ಮಾಡಬೇಕಾಗಿದ್ದುದನ್ನು ಅರಿಯದವರಾರು? ಕೆಲಸ ಬದಲಿಸಿದಂತೆಲ್ಲ ಭವಿಷ್ಯನಿಧಿಯ ಖಾತೆಯ ಸಂಖ್ಯೆ ಬದಲಾಗಿ, ಹಳೆಯ ಊರಿನಲ್ಲಿ ಹಳೆಯ ಹಣ ಉಳಿದುಬಿಡುತ್ತಿತ್ತು. 2014ರ ಅಕ್ಟೋಬರಿನಲ್ಲಿ ಒಬ್ಬನಿಗೆ ಬಾಳಿನುದ್ದಕ್ಕೂ ಒಂದೇ ಎಂಬಂತೆ ಹನ್ನೆರಡು ಅಂಕಿಗಳ ಸಂಖ್ಯೆಯನ್ನು ಜಾರಿಗೆ ತಂದ ಮೇಲೆ ಆ ತೊಡಕು ಬಹುಮಟ್ಟಿಗೆ ಸಡಿಲಿತು. ಕೆಲಸ ಬಿಟ್ಟ ದಿನಾಂಕವನ್ನು ಮಾಲಕನೇ ನಮೂದಿಸಬೇಕೆಂಬ ಕಟ್ಟು ಇದ್ದಾಗ ಮುನಿದ ಮಾಲಕನು ಅದನ್ನು ಬರೆಯದೆ ಸತಾಯಿಸಬಹುದಾಗಿತ್ತು. 2020ರಿಂದ ಕಾರ್ಮಿಕನೇ ಅದನ್ನು ಬರೆದುಕೊಳ್ಳಬಹುದಾಯಿತು. ಅದೇ ವರ್ಷ ನಿರುದ್ಯೋಗ ಭತ್ಯೆಯ ಕೋರಿಕೆಯೂ ಹಿಂದಿನ ಮಾಲಕನ ಮೂಲಕವೇ ಹೋಗಬೇಕೆಂಬ ನಿಯಮವನ್ನು ಬಿಟ್ಟರು. 2025ರ ಜನವರಿಯ ಹೊತ್ತಿಗೆ 68 ಲಕ್ಷಕ್ಕೂ ಮಿಕ್ಕ ಪಿಂಚಣಿದಾರರು ದೇಶದ ಯಾವುದೇ ಬ್ಯಾಂಕಿನಿಂದ ಪಿಂಚಣಿ ಪಡೆಯುವ ಕೇಂದ್ರೀಕೃತ ಏರ್ಪಾಡು ಪೂರ್ಣವಾಯಿತು. ಬಡವನನ್ನು ಬೇರೊಬ್ಬರ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವುದರಿಂದ ಬಿಡಿಸಿದ ಯಂತ್ರವನ್ನು ನಿಂದಿಸುವುದು ಸಲ್ಲದು.

ಯಂತ್ರವನ್ನು ಕಾಲಕಾಲಕ್ಕೆ ನವೀಕರಿಸದಿರುವುದೂ ಒಂದು ದೋಷವೇ. 2020ರ ಏಪ್ರಿಲಿನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಕೆಲಸ ಕಳೆದುಕೊಂಡವರ ಅರ್ಜಿಗಳು ಪ್ರವಾಹದಂತೆ ಬಂದಾಗ, ನಲವತ್ತು ವರ್ಷಗಳಿಗೂ ಹಿಂದಿನ ಗಣಕಗಳು ತತ್ತರಿಸಿದವು. 1959ರಲ್ಲಿ ರೂಪುಗೊಂಡ ಕೋಬಾಲ್ ಎಂಬ ಗಣಕಭಾಷೆಯನ್ನು ಬಲ್ಲವರು ನೆರವಿಗೆ ಬರಬೇಕೆಂದು ಆ ರಾಜ್ಯದ ಗವರ್ನರರೇ ಬಹಿರಂಗವಾಗಿ ಕೇಳಿಕೊಂಡರು. ಮಳೆಗಾಲಕ್ಕೆ ಮೊದಲು ಮಾಳಿಗೆಯನ್ನು ಸರಿಮಾಡಿಕೊಳ್ಳದವನ ಪಾಡು ಇದೇ.

ಆದರೆ ಹೊಸತನ್ನು ತರುವ ಉತ್ಸಾಹದಲ್ಲಿ ಮನುಷ್ಯನನ್ನೇ ಹೊರದೂಡಿದರೆ ಆಗುವ ಅನರ್ಥವು ಇದಕ್ಕಿಂತ ಭೀಕರವಾದುದು. ಅಮೆರಿಕದ ಮಿಷಿಗನ್ ರಾಜ್ಯವು 2013ರ ಅಕ್ಟೋಬರಿನಲ್ಲಿ ನಿರುದ್ಯೋಗ ವಿಮೆಗಾಗಿ ಮಿಡಾಸ್ ಎಂಬ ಹೊಸ ಗಣಕವ್ಯವಸ್ಥೆಯನ್ನು ಆರಂಭಿಸಿತು. ಮಾಲಕನು ಕೊಟ್ಟ ಲೆಕ್ಕಕ್ಕೂ ಕಾರ್ಮಿಕನು ಕೊಟ್ಟ ಲೆಕ್ಕಕ್ಕೂ ಅಂತರ ಕಂಡೊಡನೆ ಯಂತ್ರವು ತಾನಾಗಿ ಪ್ರಶ್ನೆ ಕಳುಹಿಸುವುದು; ಅನೇಕರು ತೆರೆದು ನೋಡುವುದನ್ನೇ ಬಿಟ್ಟಿದ್ದ ಖಾತೆಗೆ ಆ ಪ್ರಶ್ನೆ ಹೋಗುವುದು; ಗೊತ್ತಾದ ದಿನಗಳೊಳಗೆ ಉತ್ತರ ಬಾರದಿದ್ದರೆ ಅವನು ವಂಚಕನೆಂದು ತೀರ್ಪು. ದಂಡವು ಹಣದ ನಾಲ್ಕು ಪಟ್ಟು. ಸುಮಾರು 40,000 ಜನರು ಹೀಗೆ ಕಳಂಕಿತರಾದರು. ಮುಂದೆ ಸರಕಾರವೇ 22,000ಕ್ಕೂ ಮೇಲ್ಪಟ್ಟ ತೀರ್ಪುಗಳನ್ನು ಪುನಃ ಪರಿಶೀಲಿಸಿದಾಗ ನೂರಕ್ಕೆ 93 ತಪ್ಪೆಂದು ಕಂಡುಬಂದಿತು. 2022ರಲ್ಲಿ ಎರಡು ಕೋಟಿ ಡಾಲರುಗಳ ಪರಿಹಾರಕ್ಕೆ ಒಪ್ಪಂದವಾಯಿತು. ಆ ನಡುವೆ ಮನೆ ಮಾರಿದವನ ಮನೆಯೂ, ಕಳ್ಳನೆನಿಸಿಕೊಂಡವನ ಮಾನವೂ ಆ ಹಣದಿಂದ ಮರಳಿ ಬಂದಾವೇ?

ಆಸ್ಟ್ರೇಲಿಯದಲ್ಲಿ ನಡೆದುದು ಇದಕ್ಕಿಂತಲೂ ನಮಗೆ ಪಾಠವಾಗತಕ್ಕದ್ದು. ರೊಬೊಡೆಟ್ ಎಂದು ಜನರು ಕರೆದ ಆ ಯೋಜನೆಯಲ್ಲಿ ಯಂತ್ರವು ವರ್ಷದ ಗಳಿಕೆಯನ್ನು ಪ್ರತಿ ಪಕ್ಷಕ್ಕೂ ಸಮನಾಗಿ ಹಂಚಿ, ಆ ಸರಾಸರಿಯನ್ನೇ ಸತ್ಯವೆಂದು ಹಿಡಿಯಿತು. ಇದರ ಅನ್ಯಾಯವು ಬನಹಟ್ಟಿಯ ನೇಕಾರನಿಗೆ ಯಾರೂ ಹೇಳದೆಯೇ ಅರ್ಥವಾಗುವುದು. ಒಬ್ಬನು ಎಂಟು ತಿಂಗಳು 15,000 ರೂಪಾಯಿಯಂತೆ ದುಡಿದನು; ನಾಲ್ಕು ತಿಂಗಳು ಮಗ್ಗ ನಿಂತಿತು ಎನ್ನೋಣ. ಒಟ್ಟು 1,20,000, ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 10,000. ಆಗ ಯಂತ್ರವು, ‘ಮಗ್ಗ ನಿಂತ ತಿಂಗಳಲ್ಲಿಯೂ ನಿನಗೆ ಹತ್ತು ಸಾವಿರ ಬಂದಿದೆ, ನೀನು ಸುಳ್ಳು ಹೇಳಿ ಭತ್ಯೆ ಪಡೆದಿರುವೆ, ಹಿಂದಿರುಗಿಸು’ ಎನ್ನುವುದು. ಗಣಿತದಲ್ಲಿ ಭಾಗಾಕಾರ ಸರಿಯಾಗಿದೆ. ಬಾಳಿನಲ್ಲಿ ಅದು ಸುಳ್ಳು. ಬರಿಯ ಅಂಕಿಗಳಿಂದ ಸತ್ಯ ಸಿಗದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಮೇಲೆ ಇಲ್ಲದ ಸಾಲ ಬಿದ್ದಿತು. 2023ರ ಜುಲೈಯಲ್ಲಿ ವಿಚಾರಣಾ ಆಯೋಗವು ಆ ಯೋಜನೆ ನ್ಯಾಯವೂ ಅಲ್ಲ, ಶಾಸನಸಮ್ಮತವೂ ಅಲ್ಲವೆಂದು ವರದಿ ಮಾಡಿತು.

ನಮ್ಮಲ್ಲಿಯೂ ಇದರ ಬೀಜಗಳಿಲ್ಲದಿಲ್ಲ. ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಒಂದು ಕಾಗದದಲ್ಲಿ ಈರಪ್ಪನಾದವನು ಮತ್ತೊಂದರಲ್ಲಿ ವೀರಪ್ಪನಾಗುತ್ತಾನೆ. ತವರಿನ ಅಡ್ಡಹೆಸರಿನ ಹೆಣ್ಣುಮಗಳು ಗಂಡನ ಮನೆಯ ಅಡ್ಡಹೆಸರಿನಿಂದ ದಾಖಲಾಗುತ್ತಾಳೆ. ಆಧಾರಕ್ಕೂ ಖಾತೆಗೂ ಹೆಸರು ಕೂಡದಿದ್ದರೆ ಹಣವು ನಿಂತುಬಿಡುವುದು. ನೂಲು ಸವರಿ, ಕಬ್ಬು ಕಡಿದು ಸವೆದ ಬೆರಳಿನ ಗುರುತನ್ನು ಯಂತ್ರವು ಒಪ್ಪದಿರುವುದೂ ಉಂಟು. ಎಂತಹ ವಿಪರ್ಯಾಸ! ದುಡಿದವನೆಂಬುದಕ್ಕೆ ಸವೆದ ಬೆರಳಿಗಿಂತ ಬೇರೆ ಸಾಕ್ಷಿ ಬೇಕೆ? ಆ ಸಾಕ್ಷಿಯೇ ಅವನು ಅವನಲ್ಲವೆಂದು ಹೇಳಿಸುತ್ತದೆ.

ಹಾಗಾದರೆ ಸಿದ್ಧಾಂತವೇನು? ಬಸವಣ್ಣನವರ ಕಥೆಯನ್ನು ಎಲ್ಲರೂ ಬಲ್ಲರು. ಭಂಡಾರದ ಹಣವನ್ನು ಜಂಗಮರಿಗೆ ಸವೆಸಿದನೆಂದು ಕೊಂಡೆಯರು ಬಿಜ್ಜಳನಲ್ಲಿ ದೂರಿದಾಗ, ಲೆಕ್ಕವನ್ನು ತೆಗೆಸಿ ಎಣಿಸಲಾಗಿ ಒಂದು ಹಣವೂ ಕುಂದಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಹಣ ಕುಂದದಿದ್ದುದನ್ನು ಮಾತ್ರ ನಾವು ಕೊಂಡಾಡುತ್ತೇವೆ. ಅದಕ್ಕೆ ಸಮನಾದ ಇನ್ನೊಂದು ಗುಣವಿದೆ: ಕೇಳಿದಾಗ ಉತ್ತರ ಕೊಡಲು ಭಂಡಾರಿಯು ತಾನೇ ಎದುರಿಗೆ ನಿಂತರು, ಪುಸ್ತಕವನ್ನು ಮುಂದೆ ಮಾಡಿ ಹಿಂದೆ ಸರಿಯಲಿಲ್ಲ. ಲೆಕ್ಕಕ್ಕೆ ಮುಖವೊಂದಿರಬೇಕು. ಯಂತ್ರಕ್ಕೆ ಮುಖವಿಲ್ಲ, ಅಂಜಿಕೆಯಿಲ್ಲ, ಅಳುಕಿಲ್ಲ. ಆದುದರಿಂದ ಅದಕ್ಕೆ ಕಾಯಕವೂ ಇಲ್ಲ, ಪಾಪವೂ ಇಲ್ಲ. ಮಗ್ಗವು ತಪ್ಪು ನೇಯ್ದರೆ ಲಾಳಿಯನ್ನು ಶಿಕ್ಷಿಸುವವರುಂಟೆ? ‘ಗಣಕದಲ್ಲಿ ಹೀಗೆ ಬಂದಿದೆ, ನಾನೇನು ಮಾಡಲಿ’ ಎಂಬ ಮಾತು ಕರಣಿಕನು ತನ್ನ ಕಾಯಕವನ್ನೇ ತ್ಯಜಿಸಿದ ಮಾತು. ಯಂತ್ರವನ್ನು ನಿಲ್ಲಿಸಿದವನದು, ನಿಯಮವನ್ನು ಬರೆದವನದು, ಕಂಡೂ ತಿದ್ದದವನದು ಆ ಹೊಣೆ.

ಇದರಿಂದ ಮೂರು ನಿಯಮಗಳು ಫಲಿಸುತ್ತವೆ. ಹೊಸ ಲೆಕ್ಕವು ಸರಿಯೆಂದು ಸಿದ್ಧವಾಗುವವರೆಗೆ ಹಳೆಯ ಲೆಕ್ಕವನ್ನು ಜೊತೆಯಲ್ಲಿಯೇ ನಡೆಸಬೇಕು. ಅಂತರ ಕಂಡಲ್ಲಿ ತಪ್ಪನ್ನು ತೋರಿಸುವ ಭಾರವು ಸರಕಾರದ ಮೇಲಿರಬೇಕು. ನಿರಪರಾಧಿತ್ವವನ್ನು ತೋರಿಸುವ ಭಾರವು ಬಡವನ ಮೇಲಲ್ಲ. ಕಿಟಕಿಯ ಹಿಂದೆ ಕಿವಿಗೊಟ್ಟು ಕೇಳುವ, ಕೇಳಿ ತಿದ್ದುವ ಅಧಿಕಾರವುಳ್ಳ ಒಬ್ಬ ಮನುಷ್ಯನು ಯಾವಾಗಲೂ ಇರಬೇಕು.

ಹೊಣೆಯನ್ನು ಸರಕಾರಕ್ಕೆ ಹೊರಿಸಿ ನಾವು ಹಗುರಾಗುವಂತಿಲ್ಲ. ಓದುವ ನಿಮ್ಮಲ್ಲಿ ಅಂಗಡಿಯುಳ್ಳವರು, ಮಗ್ಗಗಳುಳ್ಳವರು, ಆಳುಗಳನ್ನಿಟ್ಟುಕೊಂಡವರು ಇದ್ದೀರಿ. ಆಳಿನ ಪಗಾರದಿಂದ ಕಡಿದ ಹಣವನ್ನು ನಿಧಿಗೆ ಕಟ್ಟದೆ ಬಳಸಿಕೊಳ್ಳುವುದು ಕಳವು; ಕಾಯಿದೆಗೆ ಸಿಕ್ಕದಂತೆ ಆಳುಗಳ ಸಂಖ್ಯೆಯನ್ನು ಕಡಮೆ ತೋರಿಸುವುದು ಹುಸಿ. ಯಂತ್ರವು ನಾವು ಹೇಳಿದುದನ್ನೇ ಬರೆದುಕೊಳ್ಳುತ್ತದೆ. ಹುಸಿಯನ್ನು ಹೇಳಿದರೆ ಹುಸಿಯನ್ನೇ ಲಕ್ಷ ಸಲ ಬರೆಯುತ್ತದೆ. ಪಡೆಯುವವರಿಗೂ ಇದೇ ಮಾತು. 2024ರ ಜನವರಿ 12ರಂದು ಕರ್ನಾಟಕ ಸರಕಾರವು ಆರಂಭಿಸಿದ ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಗಳು ಗೊತ್ತಾದವು. ತನಗೆ ಉದ್ಯೋಗವಿಲ್ಲವೆಂದು ಯುವಕನೇ ಘೋಷಿಸಬೇಕು. ಉದ್ಯೋಗ ದೊರೆತ ಮೇಲೆಯೂ ಇಲ್ಲವೆನ್ನುವವನನ್ನು ಯಂತ್ರವು ಹಿಡಿಯದಿರಬಹುದು. ಆಯ್ದಕ್ಕಿ ಮಾರಯ್ಯನು ದಿನದ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅವನನ್ನು ಹಿಡಿದವರು ಯಾವ ಅಧಿಕಾರಿಗಳು? ಮನೆಯ ಲಕ್ಕಮ್ಮನೇ ತಡೆದು, ಮಿಕ್ಕುದನ್ನು ಇದ್ದಲ್ಲಿಗೆ ಸುರಿದು ಬರುವಂತೆ ಹೇಳಿದಳು. ಅಂತಹ ಲೆಕ್ಕಿಗಳು ಮನೆಮನೆಯಲ್ಲಿಯೂ ಇರಬೇಕು.

ಓದು ಬರಹ ಬಲ್ಲ ತರುಣರಿಗೆ ಇನ್ನೊಂದು ಕಾಯಕವು ಕಾದಿದೆ. ಓಣಿಯ ಮುದುಕನ ಹೆಸರಿನ ತಪ್ಪನ್ನು ತಿದ್ದಿಸಿ ಕೊಡುವುದು, ದೂರದ ಊರಿನಲ್ಲಿ ಉಳಿದ ಅವನ ನಿಧಿಯನ್ನು ಹುಡುಕಿ ಕೊಡುವುದು, ಇ-ಶ್ರಮದಲ್ಲಿ ನೆರೆಯವಳ ಹೆಸರು ಬರೆಯಿಸುವುದು, ಇವು ಕಾಸಿಲ್ಲದೆ ಮಾಡಬಹುದಾದ ದಾಸೋಹಗಳು. ಅನ್ನವನ್ನು ಬಡಿಸುವುದರಷ್ಟೇ ಪುಣ್ಯ, ಅನ್ನವು ಬರುವ ಹಾದಿಯ ಮುಳ್ಳನ್ನು ತೆಗೆಯುವುದರಲ್ಲಿಯೂ ಇದೆ. ಯಂತ್ರವು ಎಣಿಸಲಿ, ಎಣಿಸಿದುದಕ್ಕೆ ಉತ್ತರ ಕೊಡುವವನು ಮನುಷ್ಯನಾಗಿರಲಿ.