ಕನಸಿನಲ್ಲಿ ತೀರಿದ ಸಾಲ

ರಮಝಾನ್‌ನಲ್ಲಿ ನಮ್ಮ ನಿದ್ದೆ ತುಂಡು ತುಂಡು. ಸಹರಿ ಉಂಡು ಮಲಗಿ, ಡ್ಯೂಟಿಗೆ ದಡಬಡಿಸಿ ಎದ್ದರೆ, ಕಂಡ ಕನಸು ನಡೆದದ್ದೇ ಎಂಬಂತೆ ನೆನಪಿನಲ್ಲಿ ಉಳಿಯುತ್ತದೆ. ಕನಸಿನಲ್ಲಿ ನೀರು ಕುಡಿದರೆ ಉಪವಾಸ ಮುರಿಯದು, ಅದು ಎಲ್ಲರಿಗೂ ಗೊತ್ತು. ಕಷ್ಟವಿರುವುದು ದುಡ್ಡಿನ ವಿಷಯದಲ್ಲಿ. ರೂಮಿನ ಗೆಳೆಯನಿಗೆ 50 ದಿರ್ಹಮ್ ವಾಪಸ್ ಕೊಟ್ಟ ನೆನಪಿದೆ. ಎಚ್ಚರದಲ್ಲೋ ಕನಸಿನಲ್ಲೋ ತಿಳಿಯದು. ಅವನಿಗೂ ಸರಿಯಾಗಿ ನೆನಪಿಲ್ಲ. ಖಚಿತವಾದದ್ದು ಸಂಶಯದಿಂದ ಅಳಿಯದು ಎಂಬುದು ಫಿಕ್ಹ್‌ನ ನಿಯಮ. ಸಾಲ ಪಡೆದದ್ದು ಖಚಿತ, ತೀರಿಸಿದ್ದು ಸಂಶಯ. ಹಾಗಾಗಿ ಕೊಡಲೇಬೇಕು. ಅವನಿಗೆ ನಾನು ಸಾಲ ಕೊಟ್ಟಿದ್ದೆನೆಂಬ ಮಸುಕು ನೆನಪಿದ್ದರೋ? ಅದನ್ನು ಹಿಡಿದು ವಸೂಲಿಗೆ ಹೋಗುವಂತಿಲ್ಲ. ಎರಡು ಕಡೆಯೂ ನಷ್ಟ ನಮಗೇ! ಲೆಕ್ಕ ಬರೆಯುವ ನನಗೆ ಇದು ನ್ಯಾಯವೆಂದೇ ತೋರುತ್ತದೆ. ಆ ನೆನಪಿಗೆ ಸಾಕ್ಷಿ ನಾನೊಬ್ಬನೇ, ಲಾಭವೂ ನನಗೇ. ಕುರ್‌ಆನಿನ ಅತಿ ದೀರ್ಘ ವಚನ (2:282) ಸಾಲವನ್ನು ಬರೆದಿಡುವ ಕುರಿತೇ ಇದೆ. ಮೊಬೈಲಿನಲ್ಲಿ ತಾರೀಕು, ಮೊತ್ತ ಹಾಕಿ ಅವನಿಗೂ ಕಳಿಸಿದರಾಯಿತು.