ದೀರ್ಘ ಗೈರುಹಾಜರಿ

ಮಗುವೊಂದು ವಾರಗಟ್ಟಲೆ ಶಾಲೆಗೆ ಬಾರದಿದ್ದರೆ ಹಾಜರಿ ಪುಸ್ತಕದಲ್ಲಿ ಅದರ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದು, ಪಕ್ಕದಲ್ಲಿ ‘ದೀರ್ಘ ಗೈರುಹಾಜರಿ’ ಎಂದು ಬರೆಯುತ್ತಿದ್ದೆವು. 1994ರಲ್ಲಿ ದಕ್ಷಿಣ ಕೊಡಗಿನ ಅನುದಾನಿತ ಶಾಲೆಯೊಂದಕ್ಕೆ ನಾನು ಸೇರಿದಾಗ ಹಿರಿಯ ಉಪಾಧ್ಯಾಯರು ಮೊದಲು ಹೇಳಿಕೊಟ್ಟ ಕೆಲಸಗಳಲ್ಲಿ ಇದೂ ಒಂದು. ಬಿ.ಎಡ್.ನಲ್ಲಿ ಮಕ್ಕಳ ಮನಃಶಾಸ್ತ್ರ ಓದಿಕೊಂಡು ಬಂದಿದ್ದ ನನಗೆ ಅದು ಬರಿಯ ಗುಮಾಸ್ತಿಕೆ ಎನಿಸಿತ್ತು. ಹುತ್ತರಿ ಮುಗಿದು ಕಾಫಿ ಕೊಯ್ಲು ಶುರುವಾಯಿತೆಂದರೆ ಹಿಂದಿನ ಬೆಂಚುಗಳು ಖಾಲಿಯಾಗುತ್ತಿದ್ದವು. ತೋಟದ ಲೈನ್ ಮನೆಗಳ ಎರವರ, ಕುರುಬರ ಮಕ್ಕಳು ಅಪ್ಪ ಅಮ್ಮನ ಜೊತೆ ಹಣ್ಣು ಕೊಯ್ಯಲು ಹೋಗುತ್ತಿದ್ದರು. ಹೂಮಳೆ ಬೀಳುವ ಹೊತ್ತಿಗೆ ಕೆಲವರು ಹಿಂದಿರುಗುತ್ತಿದ್ದರು, ಕೆಲವರು ಇಲ್ಲ. ಹಿಂದಿರುಗದವರಿಗೆ ಕೆಂಪು ಗೆರೆ.

1996ರಲ್ಲಿ ಆರನೇ ತರಗತಿಯಲ್ಲಿದ್ದ ಒಬ್ಬ ಹುಡುಗಿಗೂ ಹೀಗೇ ಗೆರೆ ಎಳೆದೆ. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬಾಯಿಲೆಕ್ಕದಲ್ಲಿ ನನಗಿಂತ ಚುರುಕು. ಅವಳ ಅಪ್ಪ ಸಾಹುಕಾರರಿಂದ ಮುಂಗಡ ತೆಗೆದುಕೊಂಡಿದ್ದನಂತೆ, ಅದರ ಬಾಬ್ತು ಸಾಹುಕಾರರ ನೆಂಟರ ಮನೆಗೆ ಮಗು ಎತ್ತಿಕೊಳ್ಳಲು ಇವಳನ್ನು ಮೈಸೂರಿಗೆ ಕಳಿಸಿದ್ದರಂತೆ. ಇದು ಊರಲ್ಲಿ ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ನಾನು ಬರೆದದ್ದು ಗೈರುಹಾಜರಿ ಎಂದೇ.

ಎರಡು ವರ್ಷದ ಮೇಲೆ, 1998ರ ಬೇಸಿಗೆಯಲ್ಲಿ, ಒಂದು ಮದುವೆಯಲ್ಲಿ ಅವಳನ್ನು ಕಂಡೆ. ಸೊಂಟದಲ್ಲಿ ಮಗು, ಬಲಗೈಗೆ ಮೊಣಕೈವರೆಗೂ ಬಟ್ಟೆ ಸುತ್ತಿತ್ತು. ‘ಏನಾಯ್ತೇ?’ ಎಂದೆ. ಅವಳು ಬಾಯಿ ತೆರೆಯುವ ಮೊದಲೇ ಆ ಮನೆಯಾಕೆ, ‘ಎಣ್ಣೆ ಹಾರಿತು ಟೀಚರ್, ಎಷ್ಟು ಹೇಳಿದರೂ ಒಲೆ ಹತ್ತಿರ ಹೋಗ್ತಾಳೆ’ ಎಂದರು. ಹುಡುಗಿ ನೆಲ ನೋಡುತ್ತಿದ್ದಳು. ನಾನು ನಂಬಿದೆ ಎಂದರೆ ಸುಳ್ಳಾಗುತ್ತದೆ. ನಂಬುವುದೆಂದು ನಿಶ್ಚಯಿಸಿಕೊಂಡೆ. ಆಮೇಲೆ ಊಟಕ್ಕೆ ಕೂತೆ.

ಅವಳು ಮತ್ತೆ ನನ್ನೆದುರು ನಿಂತದ್ದು 2017ರಲ್ಲಿ. ಹಿಂದಿನ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಕಾಡಂಚಿನಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಿಸಿದ್ದು ಓದುಗರಿಗೆ ನೆನಪಿರಬಹುದು. ಅಲ್ಲಿದ್ದವರಲ್ಲಿ ಅನೇಕರು ಲೈನ್ ಮನೆಗಳ ಋಣ ಹರಿದುಕೊಂಡು ಹೊರಬಂದವರು. ಇವಳೂ ಅವರಲ್ಲಿ ಒಬ್ಬಳು. ಮುಂದೆ ಬ್ಯಾಡಗೊಟ್ಟ, ಬಸವನಹಳ್ಳಿಗಳಲ್ಲಿ ಮನೆ ಕೊಡುವ ಮಾತು ನಡೆದಾಗ ವಯಸ್ಸಿಗೆ, ವಾಸಕ್ಕೆ ಏನಾದರೊಂದು ದಾಖಲೆ ಬೇಕಾಗಿ ಶಾಲೆಗೆ ಬಂದಿದ್ದಳು. ಹಳೆಯ ಪುಸ್ತಕ ಹುಡುಕಿ ತೆಗೆದೆ. ನನ್ನದೇ ಅಕ್ಷರ. ಓದು ಟೀಚರ್ ಎಂದಳು. ಓದಿದೆ. ‘ಗೈರು ಅಂದ್ರೆ ನಾನೇ ಬರಲಿಲ್ಲ ಅಂತಲಾ?’ ಎಂದು ಕೇಳಿದಳು. ಅದರಲ್ಲಿ ಕೋಪವಿರಲಿಲ್ಲ, ಅರ್ಥ ತಿಳಿಯಬೇಕಿತ್ತು ಅಷ್ಟೆ. ಆಮೇಲೆ ರವಿಕೆಯ ತೋಳು ಸರಿಸಿ ಕೈ ತೋರಿಸಿದಳು. ಅದು ಎಣ್ಣೆ ಹಾರಿದ ಕಲೆಯಲ್ಲ, ಕಾಯಿಸಿದ ಸಟ್ಟುಗದ ಬರೆ. ಅಂಥವು ಮೂರಿದ್ದವು. ಆ ಮನೆಯಲ್ಲಿ ಕಳೆದ ನಾಲ್ಕು ವರ್ಷಗಳ ಬಗ್ಗೆ ಇನ್ನೂ ಕೆಲವು ಹೇಳಿದಳು. ಅವನ್ನು ಬರೆಯಲು ಅವಳ ಅಪ್ಪಣೆ ಕೇಳುವ ಧೈರ್ಯ ನನಗಾಗಿಲ್ಲ.

ನಾನು ಮಡಿಕೇರಿಯಲ್ಲಿ ಪರಿಚಯದ ವಕೀಲರೊಬ್ಬರನ್ನು ವಿಚಾರಿಸಿದೆ. ಅವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಬಿಸಿ ವಸ್ತುವಿನಿಂದ ಗಾಯ ಮಾಡುವುದಕ್ಕೆ ದಂಡಸಂಹಿತೆಯ 324ನೇ ಕಲಮಿನಲ್ಲಿ ಹೆಚ್ಚೆಂದರೆ 3 ವರ್ಷ ಶಿಕ್ಷೆ. 1976ರ ಜೀತಪದ್ಧತಿ ರದ್ದು ಕಾಯ್ದೆಯಲ್ಲೂ 3 ವರ್ಷ, ಜೊತೆಗೆ 2000 ರೂಪಾಯಿ ದಂಡ. 3 ವರ್ಷದವರೆಗಿನ ಶಿಕ್ಷೆಯ ಅಪರಾಧಗಳನ್ನು 3 ವರ್ಷದೊಳಗೆ ನ್ಯಾಯಾಲಯದ ಮುಂದೆ ತರಬೇಕು. ನ್ಯಾಯಾಧೀಶರು ಮನಸ್ಸು ಮಾಡಿದರೆ ವಿಳಂಬವನ್ನು ಮನ್ನಿಸಬಹುದು, ಆದರೆ ಅದು ಅಪರೂಪ. ನಾನು ಮನೆಗೆ ಬಂದು ಬೆರಳೆಣಿಸಿದೆ. ಬರೆ ಬಿದ್ದದ್ದು 1998ರಲ್ಲಿ, ಅವಳ 14ನೇ ವಯಸ್ಸಿನಲ್ಲಿ. ವಾಯಿದೆ ಮುಗಿದದ್ದು 2001ರಲ್ಲಿ, 17ನೇ ವಯಸ್ಸಿನಲ್ಲಿ. ಅವಳು ಪ್ರಾಪ್ತವಯಸ್ಕಳಾಗುವ ಮೊದಲೇ ಅವಳ ದೂರು ಹಳಸಿಹೋಗಿತ್ತು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೊ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. ಗೊತ್ತಿದ್ದೂ ತಿಳಿಸದವರಿಗೆ ಅದರಲ್ಲಿ ಶಿಕ್ಷೆಯಿದೆ, ಆದರೆ ಅದಕ್ಕೆ ಹಿಂದಿನದು ಅದರ ಲೆಕ್ಕಕ್ಕಿಲ್ಲ. ಮನೆಗೆಲಸಕ್ಕೆ 14ರೊಳಗಿನ ಮಕ್ಕಳನ್ನು ಇಟ್ಟುಕೊಳ್ಳಬಾರದೆಂಬ ಆಜ್ಞೆ ಬಂದದ್ದೇ 2006ರ ಅಕ್ಟೋಬರಿನಲ್ಲಿ.

ಜೀತದವರ ಪುನರ್ವಸತಿಗೆ ಹಣವೇನೋ ಇದೆ. 2016ರ ಯೋಜನೆಯಂತೆ ಗಂಡಸರಿಗೆ 1 ಲಕ್ಷ, ಹೆಂಗಸರಿಗೆ, ಮಕ್ಕಳಿಗೆ 2 ಲಕ್ಷ, ತೀರ ಘೋರವಾದ ಪ್ರಸಂಗಗಳಿಗೆ 3 ಲಕ್ಷ. ಆದರೆ ಅದಕ್ಕೆ ಬಿಡುಗಡೆ ಪತ್ರ ಬೇಕು, ಅಂದರೆ ಅಧಿಕಾರಿಯೊಬ್ಬರು ಬಂದು ಬಿಡಿಸಿರಬೇಕು. ಬಹುಪಾಲು ಹಣಕ್ಕೆ ಆರೋಪಿಗೆ ಶಿಕ್ಷೆಯೂ ಆಗಿರಬೇಕು. ಒಂದು ರಾತ್ರಿ ತಾನೇ ಬಸ್ಸು ಹತ್ತಿ ಓಡಿಬಂದ ಹುಡುಗಿಗೆ ಬಿಡುಗಡೆ ಪತ್ರ ಕೊಡುವವರಾರು?

ಆ ಕಾಯ್ದೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಒಂದು ಮಾತಿದೆ. ಸಾಲ ಜೀತದ ಸಾಲವಲ್ಲವೆಂದು ಸಿದ್ಧಪಡಿಸುವ ಹೊಣೆ ಸಾಲ ಕೊಟ್ಟವನದು, ತೆಗೆದುಕೊಂಡವನದಲ್ಲ. ಬರೆಯಲು ಬಾರದವನ ಮೇಲೆ ಪುರಾವೆಯ ಭಾರ ಹೊರಿಸಬಾರದೆಂದು ಅದನ್ನು ಬರೆದವರಿಗೆ ತಿಳಿದಿತ್ತು. ಆ ನ್ಯಾಯವನ್ನು ಸರ್ಕಾರ ತನಗೇ ಯಾಕೆ ಅನ್ವಯಿಸಿಕೊಳ್ಳಬಾರದು? ಜೀತದವರನ್ನು ಹುಡುಕಲು ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇರಬೇಕೆಂದು ಅದೇ ಕಾಯ್ದೆ ಹೇಳಿತ್ತು. ಹಾಗಿದ್ದ ಮೇಲೆ ಮಗುವೊಂದು ಸಿಗಲಿಲ್ಲವೇಕೆ ಎಂಬುದಕ್ಕೆ ಉತ್ತರ ಕೊಡಬೇಕಾದವರು ಹುಡುಕಬೇಕಾಗಿದ್ದವರು. ನಲವತ್ತರ ಹೊಸ್ತಿಲಲ್ಲಿರುವ ಹೆಂಗಸು ತೋಳು ಸರಿಸಿಕೊಂಡು ಕಚೇರಿ ಕಚೇರಿ ಅಲೆಯಬೇಕೆ?

ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಸಹೋದ್ಯೋಗಿಯೊಬ್ಬರು, ‘ಅಂದಿನ ಸರ್ಕಾರ ಬೇರೆ, ಇಂದಿನದು ಬೇರೆ. ಅಜ್ಜ ಮಾಡಿದ್ದಕ್ಕೆ ಮೊಮ್ಮಗ ಯಾಕೆ ತಲೆ ಬಾಗಬೇಕು?’ ಎಂದರು. ಮಾತು ತೂಕದ್ದೇ. ಆದರೆ ಕೊಡಗಿನಲ್ಲಿ ಕೂತು ಈ ಮಾತು ಆಡುವುದು ಕಷ್ಟ. ಹಾಲೇರಿ ಅರಸರ ಕಾಲದ ಜಮ್ಮಾ ಹಕ್ಕನ್ನು ನಾವು ಇಂದಿಗೂ ಎದೆಗವಚಿಕೊಂಡಿದ್ದೇವೆ. ಬ್ರಿಟಿಷರ ಕಾಲದ ಕೋವಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ 10 ವರ್ಷಕ್ಕೆ ವಿಸ್ತರಿಸಿತು. ಅದು ಹಳೆಯ ಸರ್ಕಾರದ ಮಾತು, ನಮಗೆ ಸಂಬಂಧವಿಲ್ಲ ಎಂದು ಯಾರೂ ಅನ್ನಲಿಲ್ಲ. ಆಸ್ತಿ ಇಳಿದು ಬರುವುದಾದರೆ ಸಾಲವೂ ಇಳಿದು ಬರಬೇಕಲ್ಲ. ಈ ಸಾಲವಾದರೋ ಹಳೆಯದು. ಗುಲಾಮಗಿರಿಗೆ ಕಾನೂನಿನ ಮನ್ನಣೆಯಿಲ್ಲವೆಂದು ಕಂಪೆನಿ ಸರ್ಕಾರ 1843ರಲ್ಲೇ ಸಾರಿತ್ತು. ಆದರೂ ಕುಟ್ಟದಾಚೆಯ ವಯನಾಡಿನ ವಳ್ಳಿಯೂರುಕಾವು ಜಾತ್ರೆಯಲ್ಲಿ ಅಡಿಯರನ್ನು, ಪಣಿಯರನ್ನು ವರ್ಷದ ದುಡಿಮೆಗೆ ಗೊತ್ತುಮಾಡುವ ಪದ್ಧತಿ ಇಪ್ಪತ್ತನೇ ಶತಮಾನದಲ್ಲೂ ನಡೆದಿತ್ತು.

ಬೇರೆ ದೇಶಗಳು ಇದಕ್ಕೆ ಏನು ಮಾಡಿದವೆಂದು ಓದಿದ್ದೇನೆ. ಐರ್ಲೆಂಡಿನ ಪ್ರಧಾನಿ 1999ರ ಮೇ ತಿಂಗಳಲ್ಲಿ ಶಾಲೆ, ಅನಾಥಾಲಯಗಳಲ್ಲಿ ಹಿಂಸೆಗೊಳಗಾದವರ ಕ್ಷಮೆ ಕೇಳಿದರು. ಹತ್ತು ವರ್ಷದ ಮೇಲೆ ಬಂದ ಆಯೋಗದ ವರದಿ, ಆ ಶಾಲೆಗಳನ್ನು ತಪಾಸಣೆ ಮಾಡಬೇಕಿದ್ದ ಶಿಕ್ಷಣ ಇಲಾಖೆಯೇ ಅವುಗಳ ಒಡೆಯರೆದುರು ತಗ್ಗಿ ನಡೆದುಕೊಂಡಿತ್ತೆಂದು ಹೇಳಿತು. (ನಮ್ಮ ಶಾಲೆಗೆ ಬರುತ್ತಿದ್ದ ಇನ್‌ಸ್ಪೆಕ್ಟರುಗಳು ನೆನಪಾದರು. ಹಾಜರಿಯ ಒಟ್ಟು ಮೊತ್ತ ಸರಿಬಂದರೆ ಸಾಕು, ಕೆಂಪು ಗೆರೆಗಳನ್ನು ಯಾರೂ ಎಣಿಸಲಿಲ್ಲ.) ಆಸ್ಟ್ರೇಲಿಯದ ಆಯೋಗ 2013ರಿಂದ 2017ರ ವರೆಗೆ 8000ಕ್ಕೂ ಹೆಚ್ಚು ಜನರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕೇಳಿತು. 2024ರ ನವೆಂಬರಿನಲ್ಲಿ ನ್ಯೂಜಿಲೆಂಡಿನ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಯಾಚಿಸಿದರು. ಪರಿಹಾರದ ಮೊತ್ತ ಸಾಲದೆಂಬ ಜಗಳ ಅಲ್ಲೂ ಇದೆ. ನನ್ನ ಆಸೆ ಮೊತ್ತದ ಮೇಲಲ್ಲ, ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕೇಳಿದ್ದರ ಮೇಲೆ. ನಮ್ಮಲ್ಲಿ ಹಾಗೆ ಕೇಳಿ ಬರೆದುಕೊಳ್ಳುವ ಒಂದು ಮೇಜು, ಒಂದು ಕುರ್ಚಿ ಎಲ್ಲಿದೆ?

ಸರ್ಕಾರವನ್ನು ದೂರುವಾಗೆಲ್ಲ ಒಂದು ಮುಜುಗರ ನನ್ನನ್ನು ಕಾಡುತ್ತದೆ. 1996ರಲ್ಲಿ ಆ ಊರಿನಲ್ಲಿ ಸರ್ಕಾರ ಎಂದರೆ ಯಾರು? ಜಿಲ್ಲಾಧಿಕಾರಿಗಳು ಮಡಿಕೇರಿಯಲ್ಲಿದ್ದರು, ತಹಸೀಲ್ದಾರರು ವಿರಾಜಪೇಟೆಯಲ್ಲಿ. ಆ ಹುಡುಗಿಯ ಕಣ್ಣಿಗೆ ಬಿದ್ದ, ಸರ್ಕಾರದ ಸಂಬಳ ತಿನ್ನುವ ಜೀವ ನಾನೊಬ್ಬಳೇ. ಸರ್ಕಾರದ ಕಣ್ಣು, ಕಿವಿ, ಲೇಖನಿ ಎಲ್ಲವೂ ಆಗ ನನ್ನ ಬಳಿಯೇ ಇದ್ದವು. ಹಾಗೆಂದು ಮೇಲಿನವರು ಪಾರಾಗಲಿ ಎನ್ನುತ್ತಿಲ್ಲ. ನಮ್ಮ ಮನೆಯಲ್ಲೂ ದನ ಕಾಯಲು ಒಬ್ಬ ಎರವರ ಹುಡುಗ ಇದ್ದ. ಮನೆ ಮಗನ ಹಾಗೆ ನೋಡಿಕೊಂಡೆವು ಎಂದು ಅಮ್ಮ ಕೊನೆಯವರೆಗೂ ಹೇಳುತ್ತಿದ್ದರು. ಮನೆ ಮಗಳಾದ ನಾನು ಬಿ.ಎ. ಓದಿದೆ, ಅವನಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ.

ಆ ದಿನ ಅವಳಿಗೆ ವ್ಯಾಸಂಗ ಪ್ರಮಾಣಪತ್ರ ಬರೆದುಕೊಟ್ಟೆ, ಜನ್ಮ ದಿನಾಂಕ ಸಹಿತ. ಪುಸ್ತಕದಲ್ಲಿದ್ದದ್ದನ್ನು ತಿದ್ದುವ ಅಧಿಕಾರ ನನಗಿಲ್ಲ. ತಿದ್ದಿದರೆ ಅದು ಇನ್ನೊಂದು ಸುಳ್ಳು. ಆದ್ದರಿಂದ ಬೇರೆ ಹಾಳೆಯಲ್ಲಿ ನನಗೆ ಗೊತ್ತಿದ್ದುದನ್ನೆಲ್ಲ ಬರೆದೆ: ಯಾವ ತಿಂಗಳು ಅವಳ ಹೆಸರು ಹೊಡೆದೆ, ಆಗ ಅವಳು ಎಲ್ಲಿದ್ದಳೆಂದು ನನಗೆ ತಿಳಿದಿತ್ತು, ಮದುವೆಮನೆಯಲ್ಲಿ ಏನು ಕಂಡೆ, ಏನು ಕೇಳಲಿಲ್ಲ. ಅವಳಿಗೆ ಓದಿ ಹೇಳಿದೆ. ಎರಡು ಕಡೆ ತಿದ್ದಿಸಿದಳು. ಸಹಿ ಮಾಡಿ ಒಂದು ಪ್ರತಿ ಕೊಟ್ಟೆ. ಅದನ್ನು ನಾಲ್ಕಾಗಿ ಮಡಿಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಮೂರೂವರೆ ಬಸ್ಸಿಗೆ ಹೋದಳು.

ಇನ್ನೊಂದು ಪ್ರತಿ ನನ್ನ ಬೀರುವಿನಲ್ಲಿದೆ. ಪ್ರತಿವರ್ಷ ಮಕ್ಕಳಿಗೆ ಪತ್ರಲೇಖನ ಕಲಿಸುವಾಗ, ಎಡಗಡೆ ‘ಇಂದ’, ಅದರ ಕೆಳಗೆ ‘ಗೆ’ ಎಂದು ಬರೆಯಿಸುತ್ತೇನೆ. ಆ ಹಾಳೆಯಲ್ಲಿ ‘ಇಂದ’ ಎಂಬಲ್ಲಿ ನನ್ನ ಹೆಸರಿದೆ. ‘ಗೆ’ ಎಂಬಲ್ಲಿ ಯಾರ ಹೆಸರು ಬರೆಯಬೇಕೆಂದು ನಾಲ್ಕು ಕಚೇರಿಗಳಲ್ಲಿ ಕೇಳಿದ್ದೇನೆ. ಆ ಜಾಗ ಇನ್ನೂ ಖಾಲಿಯಿದೆ.