ಎಲ್ಲರನ್ನೂ ಕೇಳಬೇಕಾದ ಪ್ರಶ್ನೆ

ಮನುಷ್ಯನ ದುಃಖವನ್ನು ಅಂಕಿಗಳಲ್ಲಿ ಅಳೆಯುವುದು ಸರಿಯೇ? ಮಾನಸಿಕ ಚಿಕಿತ್ಸೆಯ ಹೊರರೋಗಿ ವಿಭಾಗಕ್ಕೆ ಬಂದವರನ್ನೆಲ್ಲ, ಬಂದಾಗಲೆಲ್ಲ, ಖಿನ್ನತೆ ಮತ್ತು ಆತಂಕದ ಬಗ್ಗೆ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳಬೇಕೆಂದು ತಜ್ಞರು ಹೇಳುವಾಗ ಈ ಸಂದೇಹ ಏಳುವುದು ಸಹಜ.

ಆ ಪ್ರಶ್ನೆಗಳು ಸರಳವಾದವು. ೨೦೦೧ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ‘ಪಿಎಚ್‌ಕ್ಯೂ-೯’ ಎಂಬ ಹಾಳೆಯಲ್ಲಿ ಒಂಬತ್ತು ಪ್ರಶ್ನೆಗಳಿವೆ. ಕಳೆದ ಎರಡು ವಾರಗಳಲ್ಲಿ ನಿದ್ರೆ, ಹಸಿವು, ಆಸಕ್ತಿ, ದಣಿವು ಹೇಗಿದ್ದವೆಂದು ಕೇಳಿ, ಪ್ರತಿ ಉತ್ತರಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುತ್ತಾರೆ. ಒಟ್ಟು ೨೭. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ಆಳವಾಗಿ ವಿಚಾರಿಸಬೇಕು. ಆತಂಕಕ್ಕೆ ಏಳು ಪ್ರಶ್ನೆಗಳ ಇನ್ನೊಂದು ಹಾಳೆಯುಂಟು. ಅಂಕಿಯೇ ರೋಗನಿರ್ಣಯವಲ್ಲ.

ಮನೋವೈದ್ಯರ ಬಳಿಗೇ ಬಂದವರಿಗೆ ಇದೇಕೆ ಎನ್ನುವಿರಾ? ಕುಡಿತ ಬಿಡಿಸಲೆಂದು ಕರೆತಂದವನ ಒಳಗೆ ಯಾರೂ ವಿಚಾರಿಸದ ಖಿನ್ನತೆ ಅಡಗಿರಬಹುದು. ನಮ್ಮಲ್ಲಂತೂ ಮತ್ತೊಂದು ಕಾರಣವಿದೆ. ವೈದ್ಯರ ಮುಂದೆ ರೋಗಿ ತಲೆ ತಗ್ಗಿಸಿ ಕುಳಿತಿರುತ್ತಾಳೆ. ಮಾತನಾಡುವವರು ಗಂಡ, ಅತ್ತೆ, ಇಲ್ಲವೇ ಅಣ್ಣ. “ಸ್ವಲ್ಪ ತಲೆನೋವು, ರಾತ್ರಿ ನಿದ್ದೆಯಿಲ್ಲ, ಅಷ್ಟೇ ಡಾಕ್ಟ್ರೇ” ಎಂದು ಅವರೇ ಮುಗಿಸಿಬಿಡುತ್ತಾರೆ. ಮನೆತನದ ಮಾನದ ಭಯ! ಆಕೆಯನ್ನೇ ಉದ್ದೇಶಿಸಿದ ಪ್ರಶ್ನೆ ಆಕೆಯ ದನಿಯನ್ನು ಆಕೆಗೆ ಹಿಂದಿರುಗಿಸುತ್ತದೆ. ಓದಲು ಬಾರದಿದ್ದರೆ ದಾದಿಯರು ಪಕ್ಕಕ್ಕೆ ಕರೆದು ಓದಿಹೇಳಬೇಕು. ಮನೆಯವರ ಎದುರಿಗೇ ಕೇಳಿ ತುಂಬಿಸಿದ ಹಾಳೆಯನ್ನು ನಂಬುವುದು ಕಷ್ಟ.

ಬಾರ್ತಿಮೇಯನು ಕುರುಡನೆಂಬುದು ಎಲ್ಲರಿಗೂ ಕಾಣುತ್ತಿತ್ತು. ಆದರೂ ಪ್ರಭು ಯೇಸು, ತಾವು ಏನು ಮಾಡಬೇಕೆಂದು ಅವನನ್ನೇ ಕೇಳಿದರು. ಅದಕ್ಕೂ ಮೊದಲು ಸುತ್ತಲಿನ ಜನ ಅವನನ್ನು ಗದರಿಸಿ ಸುಮ್ಮನಿರಿಸಲು ನೋಡಿದ್ದರೆಂಬುದನ್ನು ನಾವು ಮರೆಯುತ್ತೇವೆ.

ಆದರೆ ಕೇಳುವವರ ಮೇಲೂ ಒಂದು ಋಣವಿದೆ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯ ಕುರಿತದ್ದು. ಅದಕ್ಕೆ ಬಂದ ‘ಹೌದು’ ಎಂಬ ಉತ್ತರವನ್ನು ಕಡತಕ್ಕೆ ಸೇರಿಸಿ ಮುಂದಿನ ಟೋಕನ್ ಕೂಗುವುದಾದರೆ, ಕೇಳದಿರುವುದೇ ಮೇಲಾಗಿತ್ತು. ಅಂದೇ ಒಬ್ಬರು ಕುಳಿತು ಆ ವ್ಯಕ್ತಿಯೊಡನೆ ಮಾತನಾಡಬೇಕು. ಮುಂದಿನ ಭೇಟಿಯಲ್ಲಿ ಅಂಕ ಇಳಿದಿಲ್ಲವಾದರೆ ಔಷಧವನ್ನೋ ಆಪ್ತಸಮಾಲೋಚನೆಯನ್ನೋ ಮರುಪರಿಶೀಲಿಸಬೇಕು. ಮತ್ತೆಮತ್ತೆ ಅಳೆಯುವುದರ ಪ್ರಯೋಜನ ಇಲ್ಲಿರುವುದು. ಇಷ್ಟಕ್ಕೂ ಸಿಬ್ಬಂದಿಯಿಲ್ಲದ ಆಸ್ಪತ್ರೆ ಮೊದಲು ಅದನ್ನು ಒದಗಿಸಿಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ.

“ವಿಶ್ವಾಸ ಸಾಲದು, ಜಪಸರ ಮಾಡು” ಎಂದು ಖಿನ್ನರಾದವರಿಗೆ ಹೇಳುವವರು ನಮ್ಮ ಧರ್ಮಕೇಂದ್ರಗಳಲ್ಲಿದ್ದಾರೆ. ಪ್ರವಾದಿ ಎಲೀಯನಿಗೆ ವಿಶ್ವಾಸ ಸಾಲದಾಗಿತ್ತೇ? ಮರುಭೂಮಿಯ ಗಿಡದ ಕೆಳಗೆ ಕುಳಿತು ಅವನು ಸಾವನ್ನೇ ಬೇಡಿದ. ದೇವದೂತನು ಗದರಲಿಲ್ಲ; ಎರಡು ಸಲ ಎಬ್ಬಿಸಿ ರೊಟ್ಟಿಯನ್ನೂ ನೀರನ್ನೂ ಕೊಟ್ಟ, ನಡುವೆ ಮಲಗಲು ಬಿಟ್ಟ.

ನಿಮ್ಮ ಮನೆಯವರನ್ನು ಇಂಥ ಚಿಕಿತ್ಸೆಗೆ ಕರೆದೊಯ್ದಾಗ, ಹಾಳೆ ಅವರ ಕೈಗೆ ಬಂದೊಡನೆ ನೀವು ಎದ್ದು ಹೊರಗಿನ ಬೆಂಚಿನ ಮೇಲೆ ಕುಳಿತಿರಿ. ಆಸ್ಪತ್ರೆ ದೂರವಿದ್ದರೆ, ೨೦೨೨ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಗೆ, ೧೪೪೧೬ಕ್ಕೆ, ಹಗಲಿರುಳು ಉಚಿತವಾಗಿ ಕರೆಮಾಡಬಹುದು. ಕನ್ನಡದಲ್ಲೇ ಮಾತನಾಡುತ್ತಾರೆ.